ಬೆಳ್ಳಗಿರೋದೆಲ್ಲ ಹಾಲಲ್ಲ: ದುಬಾರಿ ಟಿವಿ ಮತ್ತು ನಮ್ಮ ಕಣ್ಣು

1/7
ಮೊನ್ನೆ ಸ್ಟೋರಿಯಲ್ಲಿ ಎರಡು ಟಿವಿ ಫೋಟೋ ಹಾಕಿ "ಇದರಲ್ಲಿ ದುಬಾರಿ ಟಿವಿ ಯಾವುದು ಹೇಳಿ" ಅಂತ ಪೋಲ್ ಇಟ್ಟಿದ್ದೆ. ಮುಕ್ಕಾಲು ಪಾಲು ಜನ ಎಡಗಡೆದು ಅಂದ್ರಿ. ಕ್ಲಾಸಿನ ಗ್ರೂಪಲ್ಲಂತೂ "ಬಲಗಡೆದು ಸೆಕೆಂಡ್ ಹ್ಯಾಂಡಾ ಮಗಾ?" ಅಂತ ನಗಾಡಿದ್ರಿ.

ಎರಡೂ ಒಂದೇ ಟಿವಿ. ಒಂದೇ ಗೋಡೆ, ಒಂದೇ ದೃಶ್ಯ, ಎರಡು ನಿಮಿಷದ ಅಂತರ. ಎಡಗಡೆ ಫೋಟೋ ತೆಗೆದಾಗ ಅದು 'ವಿವಿಡ್' ಮೋಡ್‌ನಲ್ಲಿತ್ತು, ಬಲಗಡೆದು ತೆಗೆದಾಗ 'ಫಿಲ್ಮ್‌ಮೇಕರ್' ಮೋಡ್‌ನಲ್ಲಿ. ಸಿನಿಮಾ ಮಾಡಿದವರು ಸ್ಟುಡಿಯೋದಲ್ಲಿ ಕೂತು ನೋಡಿ ಒಪ್ಪಿದ ಚಿತ್ರಕ್ಕೆ ಹತ್ತಿರ ಇರೋದು ನೀವು ನಕ್ಕಿದ್ದೇ.

ಅಷ್ಟೇ ಅಲ್ಲ. ನೀವು ನೋಡಿದ್ದು ಟಿವಿನೇ ಅಲ್ಲ. ನನ್ನ ಫೋನಿನ ಕ್ಯಾಮೆರಾ ಬೆಳಕು, ಬಣ್ಣ ಎಲ್ಲ ತನಗಿಷ್ಟ ಬಂದ ಹಾಗೆ ತಿದ್ದಿತು. ಈ ಆ್ಯಪ್ ಆ ಫೋಟೋನ ಇನ್ನಷ್ಟು ಹಿಂಡಿತು. ಕೊನೆಗೆ ನೀವದನ್ನ ನೋಡಿದ್ದು ನಿಮ್ಮ ಫೋನಿನ ಪರದೆ ಮೇಲೆ. ಇಷ್ಟಾದ ಮೇಲೂ ತೀರ್ಪು ಕೊಟ್ಟಿರಿ. ನಾನೂ ಒಂದು ಕಾಲಕ್ಕೆ ಹೀಗೇ ಕೊಟ್ಟಿದ್ದೆ, ಅದಕ್ಕೇ ಈ ಸರಣಿ.

ಏಳು ಭಾಗದಲ್ಲೂ ಹೇಳೋದು ಒಂದೇ ಮಾತು: ರಿಮೋಟಿನಿಂದ ಸರಿ ಮಾಡಬಹುದಾದ್ದನ್ನ ನೋಡಿ ಟಿವಿ ಕೊಳ್ಳಬೇಡಿ. ರಿಮೋಟಿನಿಂದ ಯಾವತ್ತೂ ಸರಿಯಾಗದ್ದನ್ನ ನೋಡಿ ಕೊಳ್ಳಿ. ಅಂಗಡಿಯೂ ರೀಲ್ಸೂ ನಮಗೆ ಕಲಿಸ್ತಿರೋದು ಇದರ ಉಲ್ಟಾ.

2/7
ನಾನು ದೊಡ್ಡ ಪಂಡಿತೆ ಅಂತ ಬರೀತಿಲ್ಲ. ತಪ್ಪು ಮಾಡಿದವಳು ಅಂತ ಬರೀತಿದ್ದೀನಿ.

ಫೋಟೋದಲ್ಲಿರೋ ಟಿವಿ ನಮ್ಮ ಮಾವಂದು, ಅಮ್ಮನ ಅಣ್ಣ. ಕಳೆದ ವರ್ಷ ರಿಟೈರ್ ಆದ್ರು. ಜೀವನದಲ್ಲಿ ತಮಗೋಸ್ಕರ ಅಂತ ಹೆಚ್ಚೇನೂ ಕೊಂಡವರಲ್ಲ. ಬಂದ ಗ್ರಾಚ್ಯುಯಿಟಿಯಲ್ಲಿ ಒಂದೂವರೆ ಲಕ್ಷ ಎತ್ತಿಟ್ಟು "ಇಂಜಿನಿಯರಿಂಗ್ ಓದ್ತಿದ್ದೀಯಲ್ಲೇ ಪುಟ್ಟಿ, ನೀನೇ ಬಂದು ನೋಡು" ಅಂದ್ರು. ಅಂಗಡಿಯಲ್ಲಿ ಆ ದುಡ್ಡಿಗೆ ಅಕ್ಕಪಕ್ಕ ಎರಡಿದ್ವು. ಒಂದು 55 ಇಂಚಿನ ಓಎಲ್‌ಇಡಿ. ಇನ್ನೊಂದು 75 ಇಂಚಿನ ಎಲ್‌ಸಿಡಿ, ಕಣ್ಣು ಕುಕ್ಕೋ ಹಾಗೆ ಹೊಳೀತಿತ್ತು. ಓಎಲ್‌ಇಡಿ ಅದರ ಪಕ್ಕ ಮಂಕಾಗಿ ಕಾಣಿಸ್ತು. "ಅದು ಡಲ್ಲು ಮಾವ, ಇದೇ ಇರಲಿ" ಅಂದವಳು ನಾನೇ. ಒಂದೇ ಒಂದು ಸೆಟ್ಟಿಂಗ್ ಮುಟ್ಟಿ ನೋಡಲಿಲ್ಲ.

ಮನೆಗೆ ಬಂದ ಮೊದಲ ರಾತ್ರಿ ದೀಪ ಆರಿಸಿ 'ಕಾಂತಾರ' ಹಾಕಿದ್ವಿ. ಕತ್ತಲಲ್ಲಿ ಪಂಜಿನ ಬೆಳಕಿನ ದೃಶ್ಯ. ಥಿಯೇಟರಲ್ಲಿ ಮೈ ಜುಂ ಅಂದಿತ್ತು. ಇಲ್ಲಿ ಕಾಡು ಕಪ್ಪಾಗೇ ಇರಲಿಲ್ಲ, ಒಲೆ ಬೂದಿ ಬಣ್ಣ. ಪರದೆಯ ಮೂಲೆಗಳಲ್ಲಿ ಬಿಳಿ ಬೆಳಕು ಸೋರ್ತಿತ್ತು. ಮುಖಗಳೆಲ್ಲ ಕಿತ್ತಳೆ. ಮಾವ ಸ್ವಲ್ಪ ಹೊತ್ತು ನೋಡಿ "ಪಿಕ್ಚರ್ರೇ ಹಾಗಿರ್ಬೇಕು ಬಿಡು" ಅಂದ್ರು.

ಪಿಕ್ಚರ್ ಹಾಗಿರಲಿಲ್ಲ. ಮೋಡ್ ಬದಲಿಸಿದೆ, ಮುಖದ ಬಣ್ಣ ಸರಿಹೋಯ್ತು. ಕಪ್ಪು ಮಾತ್ರ ಇವತ್ತಿಗೂ ಬಂದಿಲ್ಲ. ಆ ಟಿವಿಯಲ್ಲಿ ಹಿಂಬದಿ ಬೆಳಕನ್ನ ಭಾಗ ಭಾಗವಾಗಿ ತಗ್ಗಿಸೋ ವ್ಯವಸ್ಥೆನೇ ಇಲ್ಲ. ಇಲ್ಲದ್ದನ್ನ ಯಾವ ರಿಮೋಟ್ ತಂದುಕೊಡುತ್ತೆ?

3/7
ಅಂಗಡಿಯಲ್ಲಿ ನನ್ನ ಕಣ್ಣಿಗೆ ಏನಾಯ್ತು?

ಮೊದಲನೇದು ಬೆಳಕು. ಶೋರೂಮಿನ ಮೇಲ್ಛಾವಣಿ ತುಂಬ ದೀಪ. ಆ ಬೆಳಕು ಎಲ್ಲ ಪರದೆಗಳ ಮೇಲೂ ಬಿದ್ದು, ಒಳ್ಳೇ ಕಪ್ಪು ಕೆಟ್ಟ ಕಪ್ಪು ಎರಡನ್ನೂ ಒಂದೇ ಥರ ಬೂದಿ ಮಾಡುತ್ತೆ. ಓಎಲ್‌ಇಡಿಯ ದೊಡ್ಡ ಶಕ್ತಿ ಅಲ್ಲೇ ಸತ್ತುಹೋಗುತ್ತೆ. ಉಳಿಯೋ ಪೈಪೋಟಿ ಒಂದೇ: ಯಾರು ಜಾಸ್ತಿ ಹೊಳೀತಾರೆ.

ಎರಡನೇದು ಬಿಳಿ. ಅಜ್ಜಿ ಬಿಳಿ ಪಂಚೆಗೆ ನೀಲಿ ಹಾಕ್ತಿದ್ದದ್ದು ಯಾಕೆ? ಸ್ವಲ್ಪ ನೀಲಿ ಬೆರೆತರೆ ಬಿಳಿ ಇನ್ನೂ ಬೆಳ್ಳಗೆ ಕಾಣುತ್ತೆ. ವಿವಿಡ್ ಮೋಡ್ ಮಾಡೋದೂ ಅದನ್ನೇ. ಸಿನಿಮಾ, ಟಿವಿ ಚಿತ್ರಗಳ ಬಣ್ಣ ತಿದ್ದುವಾಗ ಬಿಳಿಗೆ ಡಿ65 ಅನ್ನೋ ಅಳತೆ ಇದೆ, ಸುಮಾರು 6500 ಕೆಲ್ವಿನ್. ವಿವಿಡ್ ಅದನ್ನ ಬಿಟ್ಟು ನೀಲಿ ಕಡೆಗೆ ವಾಲುತ್ತೆ. ಅದರ ಪಕ್ಕದಲ್ಲಿ ಸರಿಯಾದ ಬಿಳಿ ಹಳದಿ ಅನ್ನಿಸುತ್ತೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೂರನೇದು ಡೆಮೊ ವಿಡಿಯೋ. ಗಿಳಿ, ಹಣ್ಣು, ಹೂವು, ಜೇನು, ರಾತ್ರಿ ಹೊತ್ತಿನ ನಗರ. ಎಲ್ಲ ನಿಧಾನ, ಎಲ್ಲ ಗಾಢ ಬಣ್ಣ. ಮನುಷ್ಯರ ಮುಖ ಅಪರೂಪ. ಮಕಾವ್ ಗಿಳಿಯ ನಿಜವಾದ ಕೆಂಪು ನಮ್ಮಲ್ಲಿ ಯಾರಿಗೆ ಗೊತ್ತು? ಅಮ್ಮನ ಕೆನ್ನೆ ಬಣ್ಣ ಮಾತ್ರ ಎಲ್ಲರಿಗೂ ಗೊತ್ತು. ಅಲ್ಲಿ ಸುಳ್ಳು ಹೇಳಿದರೆ ತಕ್ಷಣ ಸಿಕ್ಕಿಬೀಳ್ತಾರೆ.

4/7
ಈಗ ರಿಮೋಟಿಗೆ ಆಗೋ ಕೆಲಸ. ಇವನ್ನ ನೋಡಿ ಯಾವ ಟಿವಿಯನ್ನೂ ಹೊಗಳಬೇಡಿ, ಬೈಯಲೂ ಬೇಡಿ.

ಬಣ್ಣ: ಮುಖ ಕಿತ್ತಳೆಯಾಗಿದ್ದರೆ, ಹುಲ್ಲು ಪ್ಲಾಸ್ಟಿಕ್ ಥರ ಇದ್ದರೆ, ಹೆಚ್ಚಿನ ಸಲ ಮೋಡ್ ಬದಲಿಸಿದರೆ ಸಾಕು.

ಶಾರ್ಪ್‌ನೆಸ್: ಅದನ್ನ ಮೇಲೇರಿಸಿದರೆ ಹೊಸ ವಿವರ ಹುಟ್ಟಲ್ಲ. ಅಂಚುಗಳ ಸುತ್ತ ಬಿಳಿ ಗೆರೆ ಹುಟ್ಟುತ್ತೆ. ತೀರಾ ತಗ್ಗಿಸಿ ನೋಡಿ. ಮೊದಲ ದಿನ ಮಂಜು ಅನ್ನಿಸುತ್ತೆ, ಮೂರನೇ ದಿನ ಹಳೇದು ಹಿಂಸೆ ಅನ್ನಿಸುತ್ತೆ.

ಚಲನೆ: ಸಿನಿಮಾಗೆ ಸೆಕೆಂಡಿಗೆ 24 ಚಿತ್ರ. ಟಿವಿ ಅವುಗಳ ನಡುವೆ ತಾನೇ ಚಿತ್ರ ಸೃಷ್ಟಿಸಿ ತುಂಬುತ್ತೆ. ಆಗ ಕೋಟಿ ಕೋಟಿ ಸುರಿದ ಸಿನಿಮಾ ಮಧ್ಯಾಹ್ನದ ಸೀರಿಯಲ್ ಥರ ಜಾರುತ್ತೆ. 2018ರ ಡಿಸೆಂಬರ್‌ನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮ್ಯಾಕ್ವಾರಿ "ದಯವಿಟ್ಟು ಇದನ್ನ ಆಫ್ ಮಾಡಿ" ಅಂತಲೇ ಒಂದು ವಿಡಿಯೋ ಮಾಡಿದ್ರು. 2019ರ ಆಗಸ್ಟ್‌ನಲ್ಲಿ ಯುಎಚ್‌ಡಿ ಅಲಯನ್ಸ್ 'ಫಿಲ್ಮ್‌ಮೇಕರ್ ಮೋಡ್' ಘೋಷಿಸಿತು. ಒಂದು ಆಯ್ಕೆ ಒತ್ತಿದರೆ ಇಂಥ ಒಗ್ಗರಣೆಯೆಲ್ಲ ನಿಂತು ಅಡುಗೆಯ ಮೂಲ ರುಚಿ ಬರಬೇಕು ಅನ್ನೋದು ಉದ್ದೇಶ. ಅದಿಲ್ಲದ ಟಿವಿಯಲ್ಲಿ 'ಸಿನಿಮಾ' ಅಥವಾ 'ಮೂವಿ' ಇರುತ್ತೆ.

ನನಗೆ ಸಿಟ್ಟು ಬರೋದು ಇಲ್ಲಿ. ಲಕ್ಷಗಟ್ಟಲೆ ಕೊಟ್ಟು ತಂದ ಟಿವಿಯನ್ನ ಬಾಕ್ಸಿಂದ ತೆಗೆದ ದಿನದ ಮೋಡ್‌ನಲ್ಲೇ ವರ್ಷಗಟ್ಟಲೆ ನೋಡ್ತೀವಿ. ಅಂಗಡಿಯವರು ಹೇಳಲ್ಲ, ಇನ್‌ಸ್ಟಾಲ್ ಮಾಡೋಕೆ ಬಂದವರು ಹೇಳಲ್ಲ. ಗೋಡೆಗೆ ಹಾಕಿ, ಫೋಟೋ ಹೊಡ್ಕೊಂಡು ಹೋಗ್ತಾರೆ.

5/7
ರಿಮೋಟಿಗೆ ಆಗದ ಕೆಲಸ ಇದು. ಅಂಗಡಿಯಲ್ಲಿ ಕಣ್ಣು ಇಡಬೇಕಾದ್ದು ಇಲ್ಲಿ.

ಕಪ್ಪು. 4ಕೆ ಪರದೆಯಲ್ಲಿ 3840 × 2160, ಅಂದ್ರೆ ಸುಮಾರು 83 ಲಕ್ಷ ಪಿಕ್ಸೆಲ್. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಹೊತ್ತಿ ತಾನೇ ಆರುತ್ತೆ. ಮಿನಿ ಎಲ್‌ಇಡಿಯಲ್ಲಿ ಹಿಂಬದಿ ಬೆಳಕು ವಲಯಗಳಾಗಿ ಹಂಚಿರುತ್ತೆ. ಸಾವಿರ ವಲಯ ಇದ್ದರೂ ಒಂದೊಂದರ ಪಾಲಿಗೆ 8 ಸಾವಿರಕ್ಕೂ ಹೆಚ್ಚು ಪಿಕ್ಸೆಲ್. ಆಕಾಶದಲ್ಲಿ ಒಂದೇ ನಕ್ಷತ್ರ ಇದ್ದರೂ ಅದರ ಸುತ್ತಲಿನ ಕತ್ತಲೆಗೂ ಬೆಳಕು ತಾಗುತ್ತೆ. ಚೆನ್ನಾಗಿ ಮಾಡಿದವರಲ್ಲಿ ಇದು ಗೊತ್ತೇ ಆಗಲ್ಲ. ಕಪ್ಪು ಪರದೆ ಮೇಲೆ ಬಿಳಿ ಸಬ್‌ಟೈಟಲ್ ಹಾಕಿ ನೋಡಿ, ಬಣ್ಣ ಬಯಲಾಗುತ್ತೆ.

ಕೋನ. ನಮ್ಮ ಮನೆಗಳಲ್ಲಿ ಎಲ್ಲರೂ ನಟ್ಟನಡುವೆ ಕೂರಲ್ಲ. ಒಬ್ಬರು ದಿವಾನ್ ಮೇಲೆ, ಒಬ್ಬರು ಚಾಪೆ ಮೇಲೆ, ಇನ್ನೊಬ್ಬರು ಅಡುಗೆಮನೆ ಬಾಗಿಲಲ್ಲಿ. ಎಲ್‌ಸಿಡಿಯಲ್ಲಿ ವಿಎ ಪ್ಯಾನೆಲ್‌ಗೆ ಕಪ್ಪು ಚೆನ್ನ, ಬದಿಯಿಂದ ನೋಡಿದರೆ ಬಣ್ಣ ಮಾಸುತ್ತೆ. ಐಪಿಎಸ್‌ಗೆ ಬದಿ ಚೆನ್ನ, ಕಪ್ಪು ಕಳಪೆ. ಅಂಗಡಿಯಲ್ಲಿ ಪಕ್ಕಕ್ಕೆ ಹೋಗಿ ನಿಂತು ನೋಡಿ.

ಸಮತೆ. ಕ್ರಿಕೆಟ್ ಹಾಕಿಸಿ. ಕ್ಯಾಮೆರಾ ಬಾಲಿನ ಹಿಂದೆ ಓಡುವಾಗ ಹುಲ್ಲಿನ ಮೇಲೆ ಕೊಳಕು ಕಲೆ, ಪಟ್ಟಿ ಓಡಿದ ಹಾಗೆ ಕಂಡರೆ ಅದು ಪ್ಯಾನೆಲ್ಲಿನ ದೋಷ.

ಪೂರ್ತಿ ಪರದೆಯ ಬೆಳಕು. ಬಾಕ್ಸ್ ಮೇಲಿನ ದೊಡ್ಡ ನಿಟ್ಸ್ ಸಂಖ್ಯೆ ಸಾಮಾನ್ಯವಾಗಿ ಪರದೆಯ ಒಂದು ಸಣ್ಣ ಭಾಗ ಮಾತ್ರ ಬೆಳಗಿದಾಗಿನದು. ಪೂರ್ತಿ ಬಿಳಿ ತೋರಿಸುವಾಗ ಓಎಲ್‌ಇಡಿ ತನ್ನ ಬೆಳಕನ್ನ ತಾನೇ ತಗ್ಗಿಸುತ್ತೆ. ಎದುರಿಗೇ ಕಿಟಕಿ ಇರೋ ಹಾಲಿಗೆ, ದಿನಪೂರ್ತಿ ಒಂದೇ ನ್ಯೂಸ್ ಚಾನೆಲ್ಲಿನ ಲೋಗೋ ನಿಂತಿರೋ ಮನೆಗೆ ಒಳ್ಳೇ ಮಿನಿ ಎಲ್‌ಇಡಿಯೇ ಸರಿ. ಒಂದೇ ಚಿತ್ರ ಸದಾ ನಿಂತರೆ ಓಎಲ್‌ಇಡಿಯಲ್ಲಿ ಕಲೆ ಉಳಿಯೋ ಅಪಾಯ ಇದೆ. ಹಾಗಾಗಿ ಇದು ಓಎಲ್‌ಇಡಿ ಭಜನೆ ಅಲ್ಲ.

ಹಿಗ್ಗಿಸೋ ಚಿಪ್. ನಮ್ಮ ಎಚ್‌ಡಿ ಚಾನೆಲ್‌ಗಳು ಬರೋದು 1080ಐನಲ್ಲಿ. ಅದನ್ನ 4ಕೆಗೆ ಹಿಗ್ಗಿಸೋದು ಟಿವಿಯ ಕೆಲಸ. ಅಂಗಡಿಯಲ್ಲಿ ಡೆಮೊ ನಿಲ್ಲಿಸಿ ಒಂದು ಕನ್ನಡ ಚಾನೆಲ್ ಹಾಕಿ ಅನ್ನಿ. ಕೆಲವು ಪರದೆಗಳ ಗತ್ತು ಅಲ್ಲೇ ಇಳಿಯುತ್ತೆ.

6/7
ಇನ್ನು ಬಾಕ್ಸ್ ಮೇಲಿನ ಪುರಾಣ. ಅಪ್ಪನ ಕಾಲದ ಟೇಪ್ ರೆಕಾರ್ಡರ್‌ಗಳ ಮೇಲೆ ಸಾವಿರಾರು ವ್ಯಾಟ್ 'ಪಿಎಂಪಿಒ' ಅಂತ ಬರೀತಿದ್ರಂತೆ. ಅಷ್ಟು ನಿಜವಾಗಿದ್ದಿದ್ರೆ ಮನೆ ಹೆಂಚು ಹಾರಬೇಕಿತ್ತು. ಆ ಪಿಎಂಪಿಒ ಸತ್ತಿಲ್ಲ, ಟಿವಿ ಬಾಕ್ಸಿಗೆ ಬಂದು ಸೇರಿದೆ.

"ಎಚ್‌ಡಿಆರ್ ಸಪೋರ್ಟ್": ಸಿಗ್ನಲ್ ಒಳಗೆ ಬಿಟ್ಟುಕೊಳ್ಳೋದು ಬೇರೆ, ಅದನ್ನ ತೋರಿಸೋ ತಾಕತ್ತು ಬೇರೆ. ಎಚ್‌ಡಿಆರ್ ಅಳತೆಪಟ್ಟಿ 10,000 ನಿಟ್ಸ್‌ವರೆಗೆ ಹೋಗುತ್ತೆ. ಸಿನಿಮಾಗಳನ್ನ ಸಾಮಾನ್ಯವಾಗಿ 1000 ಅಥವಾ 4000ಕ್ಕೆ ತಿದ್ದಿರ್ತಾರೆ. 300 ನಿಟ್ಸ್ ದಾಟದ ಟಿವಿಯ ಬಾಕ್ಸ್ ಮೇಲೂ ಅದೇ ಮೂರಕ್ಷರ ಇರಬಹುದು.

"ಮೋಷನ್ ರೇಟ್ 240": ಕೇಳಬೇಕಾದ ಪ್ರಶ್ನೆ ಒಂದೇ, ಪ್ಯಾನೆಲ್ 60 ಹರ್ಟ್ಸೋ 120 ಹರ್ಟ್ಸೋ? 120ನ್ನ 24 ಸರಿಯಾಗಿ ಭಾಗಿಸುತ್ತೆ, 60ನ್ನ ಭಾಗಿಸಲ್ಲ. ಸಿನಿಮಾದಲ್ಲಿ ಕ್ಯಾಮೆರಾ ಅಡ್ಡ ಸಾಗುವಾಗ ಕಾಣೋ ಕುಂಟುನಡೆಗೆ ಇದೂ ಒಂದು ಕಾರಣ.

"8ಕೆ": ಕಣ್ಣು ಬಿಡಿಸಿ ನೋಡಬಲ್ಲ ಸೂಕ್ಷ್ಮತೆ ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಆ ಲೆಕ್ಕದಲ್ಲಿ 55 ಇಂಚಿನ 4ಕೆ ಪಿಕ್ಸೆಲ್ ಬಿಡಿಬಿಡಿಯಾಗಿ ಕಾಣಬೇಕಾದರೆ ಸುಮಾರು 1.1 ಮೀಟರ್ ಹತ್ತಿರ ಹೋಗಬೇಕು. ನಾವು ಕೂರೋದು ಹತ್ತಡಿ ದೂರ. ಅಲ್ಲಿಂದ 8ಕೆ ವಿವರ ಹುಡುಕೋದು ಬಸ್ಸಿನ ಕಿಟಕಿಯಿಂದ ಇರುವೆ ಎಣಿಸಿದ ಹಾಗೆ.

ಇದನ್ನೆಲ್ಲ ನಮಗೆ ಹೇಳಬೇಕಾದವರು ರೀಲ್ಸಿನ ವಿಮರ್ಶಕರು. ಅವರಲ್ಲಿ ಹಲವರು ಬಾಕ್ಸ್ ಓದ್ತಾರೆ, ಫೋನಲ್ಲಿ ಪರದೆ ಶೂಟ್ ಮಾಡ್ತಾರೆ, "ಕಲರ್ಸ್ ನೋಡಿ ಗುರು, ಬೆಂಕಿ" ಅಂತಾರೆ. ಬೆಂಕಿ ಹೌದು, ನಮ್ಮ ಮನೆಯವರ ದುಡ್ಡಿಗೆ ಬಿದ್ದಿದ್ದು.

7/7
ನೀವು ಕೇಳೋ ಎರಡು ಪ್ರಶ್ನೆ ನನಗೆ ಗೊತ್ತು.

"ಅಮ್ಮನಿಗೆ ವಿವಿಡ್ಡೇ ಇಷ್ಟ ಆದ್ರೆ?" ಇರಲಿ, ಅವರ ಟಿವಿ, ಅವರ ಕಣ್ಣು. ಒಂದು ವಾರ ಸಿನಿಮಾ ಮೋಡ್‌ನಲ್ಲಿ ಬಿಟ್ಟು, ಆಮೇಲೆ ಕೇಳಿ. ಆಗಲೂ ವಿವಿಡ್ ಬೇಕು ಅಂದ್ರೆ ಹಾಕಿಕೊಡಿ. ಹಾಗಿದ್ರೆ ಬಣ್ಣದ ನಿಖರತೆಗೆ ಅಂತ ಲಕ್ಷ ಹೆಚ್ಚು ಕೊಡಬೇಡಿ, ಅಷ್ಟೇ.

"ಸಿನಿಮಾ ಮೋಡ್‌ನಲ್ಲಿ ಏನೂ ಕಾಣಲ್ಲ ಕಣೇ." ಈ ಜಗಳ ಹಳೇದು. 2019ರ ಏಪ್ರಿಲ್‌ನಲ್ಲಿ 'ಗೇಮ್ ಆಫ್ ಥ್ರೋನ್ಸ್'ನ 'ದಿ ಲಾಂಗ್ ನೈಟ್' ಕಂತು ಬಂದಾಗ ಕತ್ತಲೆ ಬಿಟ್ಟು ಏನೂ ಕಾಣ್ತಿಲ್ಲ ಅಂತ ಜನ ರೇಗಿದ್ರು. ಜನ ಟಿವಿ ಸರಿಯಾಗಿ ಹೊಂದಿಸಿಕೊಂಡಿಲ್ಲ ಅಂತ ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ವಾದಿಸಿದ್ರು. ಇಬ್ಬರದ್ದೂ ಅರ್ಧ ಸತ್ಯ. ಹಿಂಡಿ ಕಳಿಸಿದ ಸ್ಟ್ರೀಮಿಂಗ್‌ನಲ್ಲಿ ಕತ್ತಲೆಯೇ ಮೊದಲು ಹಾಳಾಗೋದು. ಹಗಲಲ್ಲಿ ಅದೇ ಮೋಡ್ ಇಟ್ಟುಕೊಂಡು ಬೆಳಕು ಮಾತ್ರ ಏರಿಸಿ, ರಾತ್ರಿ ಇಳಿಸಿ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್ ಒಯ್ಯಿರಿ. ಅದರಲ್ಲಿ ಹಗಲು ಬೆಳಕಲ್ಲಿ ನೀವೇ ತೆಗೆದ ಮನೆಯವರ ಮುಖದ ವಿಡಿಯೋ, ಒಂದು ಕಪ್ಪು ಚಿತ್ರದ ನಡುವೆ ಬಿಳಿ ಚುಕ್ಕೆ, ಒಂದು ಬರೀ ಬೂದು ಚಿತ್ರ ಇರಲಿ. ವಾರದ ನಡುವೆ, ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ ಹೋಗಿ. "ಅಣ್ಣಾ, ಮೋಡ್ ಬದಲಿಸ್ತೀರಾ, ಈ ಸಾಲಿನ ಲೈಟ್ ಸ್ವಲ್ಪ ಆರಿಸ್ತೀರಾ" ಅಂತ ಕೇಳಿ. ಆಗಲ್ಲ ಅಂದ್ರೆ ಇನ್ನೊಂದು ಅಂಗಡಿ ನೋಡಿ. ಸೀರೆ ಅಂಗಡಿಯಲ್ಲಿ ಅಮ್ಮ ಎರಡು ಸಾವಿರದ ಸೀರೆಯನ್ನ ಬಾಗಿಲ ತನಕ ತಂದು ಬಿಸಿಲಲ್ಲಿ ನೋಡ್ತಾರೆ. ಒಂದೂವರೆ ಲಕ್ಷಕ್ಕೆ ನಾನು ಅಷ್ಟೂ ಮಾಡಲಿಲ್ಲ.

ಹಬ್ಬದ ಆಫರ್ ಬಂದಾಗ ನಿಮ್ಮ ಮನೆಯಲ್ಲೂ ಯಾರೋ ಕೇಳ್ತಾರೆ, "ಓದಿದ್ದೀಯಲ್ಲ, ನೀನೇ ನೋಡು" ಅಂತ. ಆ ಮಾತಲ್ಲಿ ನಂಬಿಕೆ ಇದೆ. ಅವರು ಬಾಕ್ಸನ್ನಾಗಲಿ ಅಂಗಡಿಯವರನ್ನಾಗಲಿ ನಂಬಿರಲ್ಲ, ನಮ್ಮನ್ನ ನಂಬಿರ್ತಾರೆ. ನಮ್ಮ ಮಾವ ಈಗಲೂ ಕತ್ತಲೆ ಸೀನ್ ಬಂದ್ರೆ ಪಿಕ್ಚರ್ ತೆಗೆದವರನ್ನೇ ಬೈತಾರೆ, ನನ್ನನ್ನ ಒಂದು ಮಾತೂ ಅನ್ನಲ್ಲ. ಬೈದಿದ್ರೆ ವಾಸಿಯಿತ್ತು.

ಇವತ್ತು ರಾತ್ರಿ ನಿಮ್ಮ ಮನೆ ಟಿವಿ ಯಾವ ಮೋಡ್‌ನಲ್ಲಿದೆ ನೋಡಿ, ಕಾಮೆಂಟಲ್ಲಿ ಹೇಳಿ. ಫೋಟೋ ಮಾತ್ರ ಕಳಿಸಬೇಡಿ.

#ಬೆಳ್ಳಗಿರೋದೆಲ್ಲ_ಹಾಲಲ್ಲ #ಟಿವಿ_ಪುರಾಣ #ವಿವಿಡ್_ಬೇಡ