ಮುದ್ರೆ ಬಿದ್ದ ಮೇಲೆಯೇ ಪ್ರಯಾಣ

ಶಾಲಾ ಮಾಸ್ತರಿಕೆಯೆಂದರೆ ನಮ್ಮ ಮನೆತನಗಳಲ್ಲಿ ಮೊದಲಿನಿಂದಲೂ ಗೌರವದ ಕಾಯಕ. ಹಿಂದೆ ಮನೆಯ ಮಗನಿಗೋ ಮಗಳಿಗೋ ಶಿಕ್ಷಕ ವೃತ್ತಿ ದೊರೆಯಿತೆಂದರೆ, ಬಾಗಲಕೋಟೆಯಿಂದ ಬೀದರಿಗೆ ವರ್ಗವಾದರೂ ಒಂದು ಆದೇಶಪತ್ರ ಕೈಯಲ್ಲಿದ್ದರೆ ಸಾಕಾಗಿತ್ತು. ಈಗ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸಲು ನಮ್ಮವರು ಸಮುದ್ರದಾಚೆಯ ದೇಶಗಳಿಗೂ ಹೋಗುತ್ತಿದ್ದಾರೆ. ಅಲ್ಲಿ ಪಾಠ ಹೇಳುವ ಯೋಗ್ಯತೆಯೊಂದೇ ಸಾಲದು. ಆ ನೆಲದಲ್ಲಿರಲು ಸರಕಾರದ ಅನುಮತಿ ಬೇಕು. ಆ ಅನುಮತಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಲೂ ಇರಬೇಕು. ಇದರ ಕಷ್ಟ ಹೋದವರಿಗೆ ತಿಳಿದಿರುತ್ತದೆ. ಊರಿನಲ್ಲಿರುವ ತಾಯಿತಂದೆಯರಿಗೆ ತಿಳಿದಿರುವುದಿಲ್ಲ. ಆದಕಾರಣ ಈ ತಿಂಗಳು ಥಾಯ್ಲೆಂಡ್ ದೇಶವನ್ನು ಉದಾಹರಣೆಯಾಗಿಟ್ಟುಕೊಂಡು ನಮ್ಮ ಓದುಗ ಬಂಧುಗಳೊಡನೆ ನಾಲ್ಕು ಮಾತು ಆಡಬಯಸುತ್ತೇವೆ.

ಥಾಯ್ಲೆಂಡಿನ ಶಾಲೆಯಲ್ಲಿ ಪಾಠ ಹೇಳುವ ಪರದೇಶದವರಿಗೆ ಮೂರು ಬಗೆಯ ಅನುಮತಿಗಳು ಬೇಕು. ಮೊದಲನೆಯದು ಬೋಧನೆಯ ಪರವಾನಿಗೆ. 2003 ರಲ್ಲಿ ಅಲ್ಲಿ ಬಂದ ಕಾಯಿದೆಯ ಪ್ರಕಾರ ಇದನ್ನು ಕೊಡುವುದು ಖುರುಸಪಾ ಎಂಬ ಶಿಕ್ಷಕರ ಪರಿಷತ್ತು. ಶಿಕ್ಷಣಶಾಸ್ತ್ರದ ಪದವಿ ಇಲ್ಲದವರಿಗೆ ಶಾಲೆಯ ಮುಖಾಂತರ 2 ವರ್ಷಗಳ ತಾತ್ಕಾಲಿಕ ಅನುಮತಿ ಸಿಗುತ್ತದೆ. ಆದರೆ ಅದು ಬೇಕೆಂದಷ್ಟು ಸಲ ಸಿಗುವಂಥದಲ್ಲ. ನಮ್ಮ ಹೆಣ್ಣುಮಕ್ಕಳು ಮದುವೆಗೆ ಮುಂಚೆ ಮಾಡಿಕೊಂಡ ಬಿ.ಎಡ್. ಪದವಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಎರಡನೆಯದು ಕಾರ್ಮಿಕ ಸಚಿವಾಲಯದ ಕೆಲಸದ ಪರವಾನಿಗೆ. ಬಹುಕಾಲ ಇದನ್ನು ನೀಲಿ ಬಣ್ಣದ ಒಂದು ಪುಸ್ತಿಕೆಯಾಗಿ ಕೊಡುತ್ತಿದ್ದರು. ಮೂರನೆಯದು ವಾಸದ ಅನುಮತಿ. ಕೆಲಸಕ್ಕೆಂದು ಕೊಡುವ ‘ಬಿ’ ವರ್ಗದ ವೀಸಾದ ಮೇಲೆ ಮೊದಲು ಒಳಬರುವಾಗ ಸಾಮಾನ್ಯವಾಗಿ ದೊರೆಯುವುದು 90 ದಿನಗಳು ಮಾತ್ರ. ಅನಂತರ ಪೊಲೀಸ್ ಇಲಾಖೆಗೆ ಸೇರಿದ ವಲಸೆ ಕಚೇರಿಯಲ್ಲಿ 1,900 ಬಾತ್ ಶುಲ್ಕ ಕಟ್ಟಿ, ಹೆಚ್ಚೆಂದರೆ ಒಂದು ವರ್ಷದವರೆಗೆ ಅದನ್ನು ವಿಸ್ತರಿಸಿಕೊಳ್ಳಬೇಕು. ಜನರು ‘ವೀಸಾ ನವೀಕರಣ’ ಎಂದು ಕರೆಯುವುದು ಇದನ್ನೇ.

ಈ ಮೂರೂ ಒಂದೇ ಸರಪಳಿಯ ಕೊಂಡಿಗಳು. ಶಾಲೆಯ ಕರಾರುಪತ್ರವಿಲ್ಲದೆ ಬೋಧನೆಯ ಅನುಮತಿ ಇಲ್ಲ, ಕೆಲಸದ ಪರವಾನಿಗೆ ಇಲ್ಲ. ಇವು ಇಲ್ಲದೆ ವಾಸದ ವಿಸ್ತರಣೆಯೂ ಇಲ್ಲ. ಮೂರಕ್ಕೂ ಬೇರೆ ಬೇರೆ ಕಚೇರಿ, ಬೇರೆ ಬೇರೆ ಗಡುವು. ಒಂದರ ತಾರೀಖು ನೆನಪಿಟ್ಟು ಇನ್ನೊಂದನ್ನು ಮರೆತರೆ ಸರಪಳಿಯೇ ಕಳಚುತ್ತದೆ. ಅಲ್ಲಿಯ ಕಾಗದಪತ್ರಗಳಲ್ಲಿ ಬೌದ್ಧ ಶಕೆಯ ಇಸವಿ ಬರೆಯುವುದು ವಾಡಿಕೆ. ಅದು ನಮ್ಮ ಲೆಕ್ಕಕ್ಕಿಂತ 543 ವರ್ಷ ಮುಂದಿರುತ್ತದೆ. 2568 ಎಂದು ಬರೆದಿದ್ದರೆ ಅದು 2025 ನೆಯ ಇಸವಿ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಈ ಗಡುವುಗಳನ್ನೆಲ್ಲ ನಮ್ಮ ಲೆಕ್ಕಕ್ಕೆ ತಂದು ಗುರುತು ಹಾಕಿಕೊಳ್ಳುವುದು ಜಾಣತನ.

ಇನ್ನು ಕಾಲದ ಇಕ್ಕಟ್ಟಿನ ವಿಚಾರ. ಥಾಯ್ಲೆಂಡಿನ ಶಾಲಾ ವರ್ಷ ಮೇ ತಿಂಗಳ ನಡುವಿನಲ್ಲಿ ಆರಂಭವಾಗಿ ಮಾರ್ಚಿಯಲ್ಲಿ ಮುಗಿಯುತ್ತದೆ. ಅನೇಕ ಶಿಕ್ಷಕರ ಕರಾರುಗಳು ಮುಗಿಯುವುದೂ, ಹೊಸ ಕರಾರುಗಳು ಆಗುವುದೂ ಈ ಸಂಧಿಕಾಲದಲ್ಲಿಯೇ. ನಡುವೆ ಏಪ್ರಿಲ್ 13 ರಿಂದ 15 ರವರೆಗೆ ಸೊಂಕ್ರಾನ್ ಎಂಬ ಅವರ ಹೊಸವರ್ಷದ ಹಬ್ಬ, ಕಚೇರಿಗಳಿಗೆ ರಜೆ. ಇತ್ತ ನಮ್ಮ ನಾಡಿನಲ್ಲಿ ಅದೇ ಯುಗಾದಿಯ ಕಾಲ, ಬಸವ ಜಯಂತಿಯ ಕಾಲ, ಮದುವೆಯ ಮುಹೂರ್ತಗಳು ಒಂದರ ಹಿಂದೊಂದು ಬರುವ ಕಾಲ. ಶಾಲೆಗೆ ರಜೆಯಿದ್ದರೂ ಮಗಳು ಊರಿಗೆ ಬರಲು ಹಿಂದೆಮುಂದೆ ನೋಡುತ್ತಿದ್ದಾಳೆಂದರೆ, ಅವಳ ಪಾಸ್‌ಪೋರ್ಟು ಆ ವೇಳೆಗೆ ಯಾವುದೋ ಕಚೇರಿಯ ಮೇಜಿನ ಮೇಲಿರಬಹುದು. ಇದನ್ನು ಅರಿಯದೆ ‘ಪರದೇಶಕ್ಕೆ ಹೋದ ಮೇಲೆ ಮನೆಯವರು ಬೇಡವಾದರು’ ಎಂದು ಆಡಿಕೊಳ್ಳುವುದು ತರವಲ್ಲ.

ನಮಗೆ ಬಲ್ಲ ಒಂದು ಮನೆಯ ಸಂಗತಿ ಹೇಳುತ್ತೇವೆ. ಧಾರವಾಡ ಜಿಲ್ಲೆಯ ಆ ಮನೆಯ ಮಗಳು ಉತ್ತರ ಥಾಯ್ಲೆಂಡಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ತಮ್ಮನ ಮದುವೆ ವೈಶಾಖದಲ್ಲಿ ನಿಶ್ಚಯವಾಯಿತು. ‘ಅರಿಷಿಣದ ದಿನಕ್ಕೆ ಅಕ್ಕ ಬಾರದಿದ್ದರೆ ಹೇಗೆ?’ ಎಂದು ಮೇಲಿಂದ ಮೇಲೆ ಫೋನು. ವಾಸದ ವಿಸ್ತರಣೆಯ ಮುದ್ರೆ ಬಿದ್ದಿತ್ತು; ಆ ಧೈರ್ಯದ ಮೇಲೆ ಅವಳು ಅವಸರದಿಂದ ವಿಮಾನ ಹತ್ತಿದಳು. ಮದುವೆ ಚೆನ್ನಾಗಿಯೇ ಆಯಿತು. ಮರಳಿ ಬ್ಯಾಂಕಾಕಿನಲ್ಲಿ ಇಳಿದಾಗ ಅಧಿಕಾರಿ ಪುಟ ತಿರುವಿ ನೋಡಿ, ನಿಮ್ಮ ವಿಸ್ತರಣೆ ರದ್ದಾಗಿದೆ ಎಂದರು. ದೇಶ ಬಿಡುವ ಮೊದಲು ಮರುಪ್ರವೇಶದ ಅನುಮತಿ ಪಡೆಯದೆ ಹೋದರೆ, ಇನ್ನೂ ಹನ್ನೊಂದು ತಿಂಗಳು ಉಳಿದಿದ್ದರೂ ಆ ವಿಸ್ತರಣೆ ಅಲ್ಲಿಗೇ ಮುಗಿಯುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಪ್ರವಾಸಿಯಾಗಿ ಒಳಗೆ ಬಿಟ್ಟರು. ಪ್ರವಾಸಿಯಾದವಳು ತರಗತಿಯಲ್ಲಿ ನಿಲ್ಲುವಂತಿಲ್ಲ. ಎಲ್ಲ ಕಾಗದಗಳೂ ಮೊದಲಿನಿಂದ ಆಗಬೇಕಾಯಿತು. ಎರಡು ತಿಂಗಳ ಸಂಬಳ ಹೋಯಿತು, ಕೆಲಸ ಉಳಿದದ್ದೇ ಪುಣ್ಯ.

ಆ ಮರುಪ್ರವೇಶದ ಅನುಮತಿಗೆ ಒಂದು ಸಲಕ್ಕಾದರೆ 1,000 ಬಾತ್, ವಿಸ್ತರಣೆಯ ಅವಧಿಯಲ್ಲಿ ಎಷ್ಟು ಸಲವಾದರೂ ಹೋಗಿಬರಲು 3,800 ಬಾತ್. ವಲಸೆ ಕಚೇರಿಯಲ್ಲಿ ಪಡೆಯಬಹುದು. ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿಯೂ ಹೊರಡುವ ಮುಂಚೆ ಪಡೆಯಲು ವ್ಯವಸ್ಥೆಯಿದೆ. ಊರಿನಲ್ಲಿ ಹಿರಿಯರಿಗೆ ಮೈ ಸರಿಯಿಲ್ಲದಿದ್ದರೆ ವರ್ಷದ ಆರಂಭದಲ್ಲಿಯೇ ಎರಡನೆಯ ಬಗೆಯದನ್ನು ತೆಗೆದಿಟ್ಟುಕೊಳ್ಳುವುದು ಮೇಲು. ದುಃಖದ ವಾರ್ತೆ ಬಂದ ರಾತ್ರಿ ಮುದ್ರೆಗಾಗಿ ಅಲೆಯುವುದು ಯಾರಿಗೂ ಬೇಡ.

ನವೀಕರಣವಾಯಿತೆಂದು ಸುಮ್ಮನೆ ಕುಳಿತುಕೊಳ್ಳುವಂತೆಯೂ ಇಲ್ಲ. ದೇಶ ಬಿಡದೆ 90 ದಿನ ಇದ್ದವರು ತಮ್ಮ ವಿಳಾಸವನ್ನು ವಲಸೆ ಕಚೇರಿಗೆ ವರದಿ ಮಾಡಬೇಕು. ಗಡುವಿಗೆ 15 ದಿನ ಮೊದಲಿನಿಂದ 7 ದಿನ ಅನಂತರದವರೆಗೆ ಅವಕಾಶವಿದೆ, ಇದಕ್ಕೆ ಶುಲ್ಕವಿಲ್ಲ. ತಪ್ಪಿದರೆ ಮಾತ್ರ ದಂಡ. ಬಾಡಿಗೆಯ ಮನೆಗೆ ಪರದೇಶದವರು ಬಂದರೆ ಮನೆಯ ಮಾಲೀಕರು 24 ಗಂಟೆಯೊಳಗೆ ತಿಳಿಸಬೇಕೆಂದು 1979 ರ ವಲಸೆ ಕಾಯಿದೆ ಹೇಳುತ್ತದೆ. ಅವರು ತಿಳಿಸಿದ್ದಾರೆಯೇ ಎಂದು ಬಾಡಿಗೆದಾರರೇ ವಿಚಾರಿಸಿಕೊಂಡರೆ ನವೀಕರಣದ ದಿನ ತೊಂದರೆಯಾಗದು. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತಿನಂತೆ 20,000 ಬಾತಿನವರೆಗೆ ದಂಡ. ಅವಧಿ ಮೀರಿದ್ದಾಗ ಸಿಕ್ಕಿಬಿದ್ದವರಿಗೆ, ಮೀರಿದ್ದು ಒಂದು ವರ್ಷದೊಳಗೇ ಆದರೂ, 5 ವರ್ಷ ಆ ದೇಶಕ್ಕೆ ಕಾಲಿಡಲು ಬರುವುದಿಲ್ಲವೆಂಬ ನಿಯಮ 2016 ರಲ್ಲಿ ಜಾರಿಗೆ ಬಂದಿತು.

ಎಲ್ಲಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಈ ವಾಸದ ಅನುಮತಿ ನಿಂತಿರುವುದು ನೌಕರಿಯ ಮೇಲೆ. ನೌಕರಿ ಹೋದ ದಿನವೇ ಅನುಮತಿಗೂ ಆಧಾರ ತಪ್ಪುತ್ತದೆ. ವಲಸೆ ಕಚೇರಿಗೆ ಹೋಗಿ ಕೇಳಿಕೊಂಡರೆ 7 ದಿನಗಳ ಅವಕಾಶ ಕೊಡುವ ಪದ್ಧತಿಯಿದೆ. ಜೊತೆಗಿರುವ ಪತಿ ಅಥವಾ ಪತ್ನಿ ಮತ್ತು ಮಕ್ಕಳ ಅನುಮತಿಯೂ ಶಿಕ್ಷಕರ ಅನುಮತಿಯನ್ನೇ ಆಶ್ರಯಿಸಿರುತ್ತದೆ. ಹೀಗಾಗಿ ಸಂಬಳ ತಡವಾದರೂ, ಕರಾರಿನಲ್ಲಿಲ್ಲದ ಕೆಲಸ ಹೊರಿಸಿದರೂ ಅನೇಕರು ಬಾಯಿ ಬಿಡುವುದಿಲ್ಲ. ನವೀಕರಣದ ಕಾಗದಕ್ಕೆ ಸಹಿ ಹಾಕುವ ಕೈ ಶಾಲೆಯದು ಎಂಬ ಅಂಜಿಕೆ ಅವರಿಗೆ. ಈ ಅಂಜಿಕೆಗೆ ನಮಗೆ ತೋಚುವ ಪರಿಹಾರ ಎರಡು. ಒಂದು, ಎಲ್ಲ ಕಾಗದಗಳ ಪ್ರತಿ ತಮ್ಮ ಬಳಿಯೇ ಇರಲಿ, ಮುಂದಿನ ವರ್ಷದ ಕರಾರಿನ ವಿಚಾರವನ್ನು ಜನವರಿಯಲ್ಲಿಯೇ ಬರಹದಲ್ಲಿ ಕೇಳಲಿ. ಎರಡು, ಮೂರು ತಿಂಗಳ ಖರ್ಚು ಮತ್ತು ಊರಿಗೆ ಮರಳುವ ವಿಮಾನದ ಹಣ ಸದಾ ಬೇರೆಯಾಗಿ ಇರಲಿ. ಈ ಹಣವನ್ನು ಊರಿನ ಮನೆ ಕಟ್ಟಿಸಲಾಗಲಿ, ಮದುವೆಯ ಬಂಗಾರಕ್ಕಾಗಲಿ ಕಳುಹಿಸೆಂದು ಹಿರಿಯರು ಕೇಳಬಾರದು. ಮಗಳು ಅನ್ಯಾಯಕ್ಕೆ ‘ಒಲ್ಲೆ’ ಎನ್ನಲು ಅವಳಿಗಿರುವ ಬಲ ಆ ಹಣ.

ಇನ್ನು, ‘ಮೊದಲು ಪ್ರವಾಸಿಯಾಗಿ ಹೋಗಿ ಪಾಠಕ್ಕೆ ನಿಲ್ಲಲಿ, ಕಾಗದ ಆಮೇಲೆ ಮಾಡಿಸುತ್ತೇವೆ’ ಎನ್ನುವ ದಲ್ಲಾಳಿಗಳು ನಮ್ಮ ಊರುಗಳಲ್ಲಿಯೂ ಸಿಗುತ್ತಾರೆ. ಈ ಮಾತಿಗೆ ಮರುಳಾಗಬಾರದು. ಪರವಾನಿಗೆ ಇಲ್ಲದೆ ದುಡಿದವರಿಗೆ 5,000 ದಿಂದ 50,000 ಬಾತಿನವರೆಗೆ ದಂಡ, ಮೇಲೆ ದೇಶದಿಂದ ಹೊರಹಾಕುವಿಕೆ. 2017 ರ ಸುಗ್ರೀವಾಜ್ಞೆ ಮತ್ತು ಮರುವರ್ಷದ ಅದರ ತಿದ್ದುಪಡಿ ಇದನ್ನು ವಿಧಿಸಿವೆ. ದುಡಿಸಿಕೊಂಡವರಿಗೂ ದಂಡವುಂಟು, ಆದರೆ ಗಂಟುಮೂಟೆ ಕಟ್ಟಬೇಕಾದವರು ಶಿಕ್ಷಕರೇ.

ಹಾಗಾದರೆ ಊರಿನಲ್ಲಿರುವ ಮನೆಯವರು ಮಾಡಬೇಕಾದದ್ದೇನು? ಪದವಿಯ ಮೂಲ ಪ್ರಮಾಣಪತ್ರ, ಅಂಕಪಟ್ಟಿಗಳನ್ನು ಇಲಿ, ಗೆದ್ದಲು ಮುಟ್ಟದಂತೆ ಒಂದೆಡೆ ಭದ್ರವಾಗಿಡುವುದು. ಪದವಿ ನಿಜವೆಂದು ವಿಶ್ವವಿದ್ಯಾಲಯದಿಂದ ಪತ್ರ ಬೇಕೆಂದು ಅಲ್ಲಿ ಕೇಳುವುದುಂಟು. ಆಗ ಧಾರವಾಡಕ್ಕೋ ಮೈಸೂರಿಗೋ ಹೋಗಿ ಬರಲು ತಮ್ಮನನ್ನೋ ಮಾವನವರನ್ನೋ ಸಿದ್ಧವಾಗಿರಿಸುವುದು. ಪಾಸ್‌ಪೋರ್ಟಿನ ಅವಧಿ ಎಂದು ಮುಗಿಯುತ್ತದೆಂದು ನೆನಪಿಸುವುದು. ಏಕೆಂದರೆ ಪಾಸ್‌ಪೋರ್ಟಿನ ಅವಧಿಯಾಚೆಗೆ ವಾಸದ ವಿಸ್ತರಣೆ ದೊರೆಯದು. ಹೆಸರು ಎಲ್ಲ ಕಾಗದಗಳಲ್ಲಿಯೂ ಒಂದೇ ಬಗೆಯಾಗಿದೆಯೇ ಎಂದು ನೋಡುವುದು. ಮನೆತನದ ಅಡ್ಡಹೆಸರು ಒಂದರಲ್ಲಿದ್ದು, ಗಂಡನ ಹೆಸರು ಇನ್ನೊಂದರಲ್ಲಿದ್ದು ತೊಡಕಾಗುವುದು ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಸಾಮಾನ್ಯ. ಇದನ್ನು ಊರಿನಲ್ಲಿದ್ದಾಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಹಿರಿಯರಲ್ಲಿ ಒಂದು ವಿನಂತಿ. ಮದುವೆ, ಗೃಹಪ್ರವೇಶಗಳ ತಾರೀಖು ಗೊತ್ತುಮಾಡುವ ಮೊದಲು ಪರದೇಶದಲ್ಲಿರುವ ಮಗಳನ್ನೋ ಮಗನನ್ನೋ ‘ನಿನ್ನ ಕಾಗದ ಎಂದು ಕೈಗೆ ಬರುತ್ತದವ್ವ, ಎಂದು ಬರುತ್ತದಪ್ಪ’ ಎಂದು ಒಂದು ಮಾತು ಕೇಳಿರಿ. ಮುಹೂರ್ತಗಳು ವರ್ಷದಲ್ಲಿ ಹಲವು ಬರುತ್ತವೆ. ದುಡಿಯುವ ಮಕ್ಕಳ ಅನ್ನದ ದಾರಿ ಒಮ್ಮೆ ಮುಚ್ಚಿತೆಂದರೆ ಅದನ್ನು ಮತ್ತೆ ತೆರೆಯಿಸುವುದು ಅಷ್ಟು ಸುಲಭವಲ್ಲ.