ಸೋಲೂರಿನ ರೋಗಿಯನ್ನು ನೆನಪಿಡುವವರು ಯಾರು?

ಸೋಲೂರು ಮಾಗಡಿ ತಾಲ್ಲೂಕಿನ ಹೋಬಳಿ. ಆದರೆ ಕಾಯಿಲೆ ಬಂದಾಗ ಇಲ್ಲಿನ ಜನ ಮಾಗಡಿಯ ದಾರಿಯನ್ನೇ ಹಿಡಿಯಬೇಕೆಂದಿಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿ ಊರಿನಲ್ಲೇ ಹಾದುಹೋಗುತ್ತದೆ. ಬೆಂಗಳೂರಿನ ಕಡೆಯ ಬಸ್ಸು ಹತ್ತಿದರೆ ನೆಲಮಂಗಲ, ಅದು ಬೆಂಗಳೂರು ಗ್ರಾಮಾಂತರ ಜಿಲ್ಲೆ. ಹಾಸನದ ಕಡೆಯ ಬಸ್ಸು ಹತ್ತಿದರೆ ಕುಣಿಗಲ್, ಅದು ತುಮಕೂರು ಜಿಲ್ಲೆ. ಮಾಗಡಿಯೊಂದೇ ಸ್ವಂತ ಜಿಲ್ಲೆಯ ಊರು. ರಾಮನಗರ ಎಂದಿದ್ದ ಆ ಜಿಲ್ಲೆಯ ಹೆಸರೂ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ರೋಗಿಗೆ ಈ ಗಡಿಗಳ ಹಂಗಿಲ್ಲ. ಯಾವ ಬಸ್ಸು ಮೊದಲು ಸಿಕ್ಕಿತು, ಯಾವ ಊರಲ್ಲಿ ನೆಂಟರಿದ್ದಾರೆ ಎನ್ನುವುದೇ ಅವರ ಲೆಕ್ಕ.

ಈ ಹೋಬಳಿಯ ಹಳ್ಳಿಯೊಂದರಲ್ಲಿ ಅರವತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ ಅಂದುಕೊಳ್ಳಿ. ಒಂದಿಷ್ಟು ರಾಗಿ ಹೊಲ, ಡೇರಿಗೆ ಹಾಲು ಹಾಕಲು ಎರಡು ಹಸು. ನೆಲಮಂಗಲದಲ್ಲಿ ಮಗನ ಮನೆಗೆ ಹೋಗಿದ್ದಾಗ ತಲೆಸುತ್ತು ಬಂದು ಕ್ಲಿನಿಕ್ಕಿಗೆ ತೋರಿಸಿದರು, ಬಿಪಿ ಇದೆ ಅಂದರು. ಊರಿಗೆ ಬಂದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಬೇರೆ ಮಾತ್ರೆ ಕೊಟ್ಟರು. ಮೊಮ್ಮಗಳ ಬಾಣಂತನಕ್ಕೆಂದು ಕುಣಿಗಲ್ಲಿಗೆ ಹೋಗಿ ಮೂರು ತಿಂಗಳು ಉಳಿದಾಗ ಆ ಮಾತ್ರೆಯೂ ಮುಗಿಯಿತು. ಅಲ್ಲಿನ ಡಾಕ್ಟರಿಗೆ ತೋರಿಸಲು ಅವರ ಹತ್ತಿರ ಇರುವ ದಾಖಲೆ ಒಂದೇ, ಎಲೆಅಡಿಕೆ ಸಂಚಿಯಲ್ಲಿ ಮಡಿಸಿಟ್ಟ ಖಾಲಿ ಮಾತ್ರೆ ಶೀಟು. ಹೆಸರು ಅಚ್ಚಾಗಿದ್ದ ತುದಿಯನ್ನು ಮಾತ್ರೆ ಬಿಡಿಸುವಾಗ ಹರಿದಿದ್ದರೆ ಅದೂ ಪ್ರಯೋಜನಕ್ಕಿಲ್ಲ.

ಹಳ್ಳಿಯ ಆರೋಗ್ಯಕ್ಕೆ ಮಾಹಿತಿ ತಂತ್ರಜ್ಞಾನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪರದೆಯ ಮೇಲೆ ಕಾಣುವ ದೊಡ್ಡ ಡಾಕ್ಟರ ಮುಖ. ಅದರ ಉಪಕಾರ ಸಣ್ಣದಲ್ಲ. ಆದರೆ ಈ ಅಜ್ಜಿಗೆ ಬೇಕಿರುವುದು ಮುಖ್ಯವಾಗಿ ನೆನಪು. ಅವರ ಬಿಪಿ ಹೋದ ಸಲ ಎಷ್ಟಿತ್ತು, ಯಾವ ಮಾತ್ರೆ ಕೊಟ್ಟಿದ್ದರು, ಈ ತಿಂಗಳು ಯಾಕೆ ಬರಲಿಲ್ಲ ಎಂದು ಯಾರಾದರೂ ನೆನಪಿಟ್ಟುಕೊಳ್ಳಬೇಕು. ಕಂಪ್ಯೂಟರು ಮನುಷ್ಯರಿಗಿಂತ ಚೆನ್ನಾಗಿ ಮಾಡಬಲ್ಲ ಕೆಲಸ ಇದೇ. ನಾವು ಅದರಿಂದ ಅತಿ ಕಡಿಮೆ ಮಾಡಿಸಿಕೊಂಡಿರುವುದೂ ಇದನ್ನೇ.

ಪರದೆಯ ಕಥೆ ಕರ್ನಾಟಕದಲ್ಲಿ ಬೇಗ ಶುರುವಾಯಿತು. 2002ರಲ್ಲಿ ಇಸ್ರೋ ತನ್ನ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತು. ಆಗ ಅದಕ್ಕೆ ಡಿಶ್ ಆಂಟೆನಾ ಬೇಕಿತ್ತು, ಪ್ರತ್ಯೇಕ ಕೋಣೆ ಬೇಕಿತ್ತು. ಈಗ ಅದೇ ಕೆಲಸಕ್ಕೆ ಒಂದು ಟ್ಯಾಬ್ ಸಾಕು. ಕೇಂದ್ರ ಸರ್ಕಾರದ ಇ–ಸಂಜೀವಿನಿ 2019ರ ನವೆಂಬರಿನಲ್ಲಿ ಆರಂಭವಾಯಿತು. ಹಳ್ಳಿಯ ಉಪಕೇಂದ್ರದಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಿಪಿ, ಜ್ವರ ನೋಡಿ, ದೂರದ ವೈದ್ಯರೊಂದಿಗೆ ಮಾತಾಡಿಸುತ್ತಾರೆ. ರೋಗಿ ಮನೆಯಿಂದ ತಾವೇ ಮಾತಾಡುವ ವ್ಯವಸ್ಥೆಯೂ 2020ರ ಏಪ್ರಿಲಿನಿಂದ ಇದೆ. ಆದರೆ ಹಳ್ಳಿಗೆ ಹೆಚ್ಚು ಒದಗುವುದು ಮೊದಲನೆಯದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹಳ್ಳಿಗಳಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಮಹಿಳೆಯರು ಸುಮಾರು ನಾಲ್ವರಲ್ಲಿ ಒಬ್ಬರು ಮಾತ್ರ. ಒಟಿಪಿ ಬಂದ ಫೋನು ಮಗನ ಜೇಬಿನಲ್ಲಿರುತ್ತದೆ, ಮಗ ಪೀಣ್ಯದ ಕೆಲಸಕ್ಕೆ ಹೋಗಿರುತ್ತಾನೆ.

ಹಾಗಾಗಿ ಪರದೆಯ ಈ ತುದಿಯಲ್ಲಿ ಕೂತಿರುವ ಮನುಷ್ಯರ ಕೈ ಎಷ್ಟು ಪಳಗಿದೆ ಎಂಬುದು ಮುಖ್ಯವಾಗುತ್ತದೆ. ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯೊಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ರಕ್ತ ಒಯ್ಯುವ ನಾಳಗಳು ಮಗು ಗರ್ಭದಲ್ಲಿರುವಾಗ ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತಾ ಹೋಗುತ್ತವೆ. ತಿಂಗಳು ತುಂಬುವ ಹೊತ್ತಿಗೆ ಆ ಬೆಳವಣಿಗೆ ಮುಗಿಯುತ್ತದೆ. ಮಗು ಅವಧಿಗೆ ಮುಂಚೆ ಹುಟ್ಟಿದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಕೆಲವು ಮಕ್ಕಳಲ್ಲಿ ನಾಳಗಳು ಅಡ್ಡಾದಿಡ್ಡಿ ಚಿಗುರಿ, ಅಕ್ಷಿಪಟಲವನ್ನೇ ಎಳೆದು ಕೀಳುತ್ತವೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ. ಮಗು ತಾಯಿಯ ಮುಖ ಗುರುತಿಸುತ್ತಿಲ್ಲ ಎಂದು ಮನೆಯವರಿಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹುಟ್ಟಿದ ಮೂವತ್ತು ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. ಬೇಕೆಂದು ಕಂಡರೆ ಒಂದೆರಡು ದಿನದೊಳಗೆ ಲೇಸರ್ ಚಿಕಿತ್ಸೆ ಆಗಬೇಕು. ಇದನ್ನು ಬಲ್ಲ ವೈದ್ಯರು ಜಿಲ್ಲೆಗೊಬ್ಬರೂ ಸಿಗುವುದಿಲ್ಲ.

2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಅವರ ತಂಡ ಇದಕ್ಕೆ ಕಿಡ್ರಾಪ್ ಎಂಬ ದಾರಿ ಹುಡುಕಿತು. ವೈದ್ಯರಲ್ಲದ ತಂತ್ರಜ್ಞರನ್ನು ತರಬೇತುಗೊಳಿಸಿದರು. ಅವರು ಕ್ಯಾಮೆರಾ ಹೊತ್ತು ಗೊತ್ತಾದ ದಿನಗಳಂದು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಅಂಗೈಯಗಲದ ಮಗುವಿನ ಕಣ್ಣಿನೊಳಗಿನ ಚಿತ್ರ ತೆಗೆಯುತ್ತಾರೆ. ಕೆಂಪು, ಕಿತ್ತಳೆ, ಹಸಿರು ಎಂದು ತಾವೇ ವಿಂಗಡಿಸುತ್ತಾರೆ. ಚಿತ್ರ ಬೆಂಗಳೂರಿನ ತಜ್ಞರ ಫೋನಿಗೆ ಹೋಗುತ್ತದೆ, ತಾಯಿ ಆಸ್ಪತ್ರೆ ಬಿಡುವ ಮೊದಲೇ ಉತ್ತರ ಬರಬಲ್ಲದು. ಈ ವ್ಯವಸ್ಥೆಯಲ್ಲಿ ಫೋನು, ಕ್ಯಾಮೆರಾ, ಇಂಟರ್ನೆಟ್ ಎಲ್ಲ ಇವೆ. ಆದರೆ ಅದನ್ನು ಎತ್ತಿ ನಿಲ್ಲಿಸಿದ್ದು ಆ ತಂತ್ರಜ್ಞರ ಪಳಗಿದ ಕೈ ಮತ್ತು ವಾರ ತಪ್ಪದ ತಿರುಗಾಟ. ಕ್ಯಾಮೆರಾ ಒಂದನ್ನೇ ಕೊಂಡು ಆಸ್ಪತ್ರೆಯ ಬೀರುವಿನಲ್ಲಿ ಇಟ್ಟಿದ್ದರೆ ಒಂದು ಮಗುವಿನ ಕಣ್ಣೂ ಉಳಿಯುತ್ತಿರಲಿಲ್ಲ.

ಹೃದಯಾಘಾತದ ವಿಷಯ ಇನ್ನೂ ಸರಳ. ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆಯೇ ಎಂದು ಇಸಿಜಿ ಹೇಳುತ್ತದೆ. ಹೆಪ್ಪು ಕರಗಿಸಲು ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದಿದೆ, ಎಷ್ಟು ಬೇಗ ಕೊಟ್ಟರೆ ಹೃದಯದ ಸ್ನಾಯು ಅಷ್ಟು ಉಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಇಸಿಜಿಯ ಗೆರೆ ಓದುವಲ್ಲಿ ಅನುಮಾನವಿದ್ದರೆ ರೋಗಿಯನ್ನು ಬೆಂಗಳೂರಿಗೆ ಕಳಿಸುತ್ತಾರೆ, ಬೆಲೆಬಾಳುವ ಹೊತ್ತು ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ವೈದ್ಯರಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸ್‌ಆ್ಯಪ್ ಗುಂಪಿನಲ್ಲೇ ಗೆರೆ ಓದಿಕೊಡುವ ವ್ಯವಸ್ಥೆ ಕಟ್ಟಿದರು. ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ತಂದ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವದಂಥ ದೊಡ್ಡ ಹೃದ್ರೋಗ ಕೇಂದ್ರಕ್ಕೆ ತಲುಪುತ್ತದೆ. ಚುಚ್ಚುಮದ್ದನ್ನು ಇಲ್ಲಿಯೇ, ಉಚಿತವಾಗಿ ಕೊಡುತ್ತಾರೆ. ಮಾಹಿತಿ ಪಯಣಿಸುತ್ತದೆ, ರೋಗಿ ಪಯಣಿಸಬೇಕಿಲ್ಲ. ಔಷಧ ತಾಲ್ಲೂಕಿನ ಕಪಾಟಿನಲ್ಲಿ ಇರುವುದರಿಂದಲೇ ಆ ಮಾಹಿತಿಗೆ ಬೆಲೆ.

ಈಗ ಅಜ್ಜಿಯ ಬಳಿಗೆ ಬರೋಣ. ಬಿಪಿ ಮತ್ತು ಸಕ್ಕರೆ ಕಾಯಿಲೆಗೆ ಅಪರೂಪದ ತಜ್ಞರು ಬೇಕಿಲ್ಲ, ದುಬಾರಿ ಮದ್ದೂ ಬೇಕಿಲ್ಲ. ಬೇಕಿರುವುದು ಪಾಲಿಸಲು ಅತಿ ಕಷ್ಟದ ಒಂದು ಸಂಗತಿ: ಜೀವನಪೂರ್ತಿ, ಪ್ರತಿದಿನ, ನೋವಿಲ್ಲದ ಕಾಯಿಲೆಗೆ ಮಾತ್ರೆ ನುಂಗುವುದು. ‘ತಲೆಸುತ್ತು ಹೋಯ್ತಲ್ಲ, ಇನ್ಯಾಕವ್ವ ಮಾತ್ರೆ’ ಎನ್ನುವ ಮಾತನ್ನು ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲೂ ಕೇಳುತ್ತಾರೆ. ಆ ಮಾತು ತೀರ ಸಹಜವಾದದ್ದು. ಜ್ವರ ಬಿಟ್ಟ ಮೇಲೆ ಯಾರೂ ಮಾತ್ರೆ ನುಂಗುವುದಿಲ್ಲ. ಬಿಪಿ ಹಾಗಲ್ಲ ಎಂದು ಒಮ್ಮೆ ಹೇಳಿದರೆ ಸಾಲದು, ತಿಂಗಳು ತಿಂಗಳೂ ಹೇಳಬೇಕು. ಯಾರಿಗೆ ಹೇಳಬೇಕು ಎಂದು ತಿಳಿಯಲು ಯಾರು ಬರಲಿಲ್ಲ ಎಂಬ ಪಟ್ಟಿ ಬೇಕು.

ದೇಶದಲ್ಲಿ 2017ರಲ್ಲಿ ಶುರುವಾದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಮಾಡಿದ್ದು ಇದನ್ನೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ನಡೆಸಿದ ಈ ಕಾರ್ಯಕ್ರಮಕ್ಕೆ 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಅದರಲ್ಲಿ ಬಳಸಿದ ಆ್ಯಪ್‌ನ ಹೆಸರೇ ಸಿಂಪಲ್. ರೋಗಿಯ ಬಳಿ ಒಂದು ಕಾರ್ಡ್, ಅದರ ಮೇಲೊಂದು ಕ್ಯೂಆರ್ ಕೋಡ್. ನರ್ಸ್ ಅದನ್ನು ಸ್ಕ್ಯಾನ್ ಮಾಡಿ ಬಿಪಿಯ ಎರಡು ಅಂಕಿ ಬರೆದು, ಮಾತ್ರೆ ಗುರುತಿಸಿ, ಮುಂದಿನ ದಿನ ಹಾಕಿದರೆ ಕೆಲಸ ಮುಗಿಯಿತು. ದಿನ ದಾಟಿದವರ ಹೆಸರು ತಾನಾಗಿ ಮೇಲೆ ಬರುತ್ತದೆ, ನರ್ಸ್ ಫೋನು ಮಾಡುತ್ತಾರೆ. ಇದರಲ್ಲಿ ಬೆರಗು ಹುಟ್ಟಿಸುವಂಥದ್ದು ಏನೂ ಕಾಣುವುದಿಲ್ಲ. ಬರೆಯಬೇಕಾದದ್ದನ್ನು ಕನಿಷ್ಠಕ್ಕೆ ಇಳಿಸಿದ್ದೇ ಅದರ ಜಾಣ್ಮೆ.

ನಮ್ಮ ಹೆಚ್ಚಿನ ಸರ್ಕಾರಿ ಪೋರ್ಟಲ್‌ಗಳು ಇದಕ್ಕೆ ತದ್ವಿರುದ್ಧ. ಆಶಾ ಕಾರ್ಯಕರ್ತೆ ಗರ್ಭಿಣಿಯ ವಿವರವನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು, ತನ್ನ ಡೈರಿಯಲ್ಲಿ ಬರೆಯಬೇಕು, ಅದನ್ನೇ ಕೇಂದ್ರದಲ್ಲಿ ಇನ್ನೊಬ್ಬರು ಪೋರ್ಟಲ್‌ಗೆ ಏರಿಸಬೇಕು. ಸರ್ವರ್ ಸಿಗದಿದ್ದರೆ, ಎಂಟ್ರಿ ತಪ್ಪಿದರೆ ಅವರ ಪ್ರೋತ್ಸಾಹಧನವೇ ನಿಲ್ಲುತ್ತದೆ. ಪೋರ್ಟಲ್‌ಗೂ ತಮ್ಮ ಹಣಕ್ಕೂ ಹಾಕಿದ ಈ ಗಂಟನ್ನು ಬಿಚ್ಚಿ ಎಂಬುದು ಬೆಂಗಳೂರಿನ ಬೀದಿಯಲ್ಲಿ ಅವರು ಮತ್ತೆ ಮತ್ತೆ ಇಟ್ಟ ಬೇಡಿಕೆ. ಮಳೆಯಲ್ಲಿ ನೆನೆದು ಮನೆಮನೆ ತಿರುಗಿದ ಹೆಣ್ಣುಮಗಳ ದುಡಿಮೆ ಪರದೆಯಲ್ಲಿ ಕಾಣಲಿಲ್ಲವೆಂದು ಕೂಲಿ ಹಿಡಿಯುವುದು ಅನ್ಯಾಯ. ಅದರಿಂದ ದಾಖಲೆಯೂ ಕೆಡುತ್ತದೆ. ಹಣ ಅಂಕಿಗೆ ಅಂಟಿಕೊಂಡ ಕಡೆ ಅಂಕಿ ತುಂಬುವುದೇ ಕೆಲಸವಾಗುತ್ತದೆ, ಅಜ್ಜಿಯ ಪಕ್ಕ ಹತ್ತು ನಿಮಿಷ ಕೂರುವುದು ಲೆಕ್ಕಕ್ಕೆ ಬಾರದ ಕೆಲಸವಾಗುತ್ತದೆ.

ಆ ಹತ್ತು ನಿಮಿಷದ ಬೆಲೆ ಈ ಜಿಲ್ಲೆಯಲ್ಲಿ ಅಪರಿಚಿತವಲ್ಲ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಅಧ್ಯಯನ ನಡೆಸಿತು. ಬಿಪಿ, ಸಕ್ಕರೆ ಕಾಯಿಲೆಯ ಜತೆಗೆ ಖಿನ್ನತೆಯೂ ಇರುವವರನ್ನು ಊರಲ್ಲೇ ಗುಂಪಾಗಿ ಕೂರಿಸಿ ಮಾತಾಡಿಸುವ, ಎರಡಕ್ಕೂ ಒಂದೇ ಕೇಂದ್ರದಲ್ಲಿ ಚಿಕಿತ್ಸೆ ಕೊಡುವ ಪ್ರಯತ್ನ ಅದು. ಮನಸ್ಸು ಕುಗ್ಗಿದವರು ಮಾತ್ರೆ ಬಿಡುತ್ತಾರೆ. ಮಾತ್ರೆ ಬಿಟ್ಟವರ ಹೆಸರನ್ನು ಆ್ಯಪ್ ಹೇಳಬಲ್ಲದು. ಯಾಕೆ ಬಿಟ್ಟರು ಎಂದು ಮನೆಯ ಜಗುಲಿಯಲ್ಲಿ ಕೂತೇ ಕೇಳಬೇಕು.

ಇನ್ನು ಗಡಿಯ ಸಮಸ್ಯೆ. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆಭಾ ಸಂಖ್ಯೆಯ ಉದ್ದೇಶವೇ ರೋಗಿ ಎಲ್ಲಿ ಹೋದರೂ ದಾಖಲೆ ಹಿಂದೆ ಬರಲಿ ಎಂಬುದು, ಅದೂ ರೋಗಿಯ ಒಪ್ಪಿಗೆಯ ಮೇಲೆ. ಸಂಖ್ಯೆ ಕೊಟ್ಟ ಮಾತ್ರಕ್ಕೆ ದಾಖಲೆ ಹುಟ್ಟುವುದಿಲ್ಲ. ನೆಲಮಂಗಲದ ಕ್ಲಿನಿಕ್ಕು, ಸೋಲೂರಿನ ಆಸ್ಪತ್ರೆ, ಕುಣಿಗಲ್ಲಿನ ಆಸ್ಪತ್ರೆ ಮೂರೂ ಬಿಪಿ ಮತ್ತು ಮಾತ್ರೆಯನ್ನು ಅದಕ್ಕೆ ಜೋಡಿಸಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಒಪ್ಪಿಗೆ ಎಂಬ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಖಿನ್ನತೆಯ ಮಾತ್ರೆ, ಕ್ಷಯದ ಚಿಕಿತ್ಸೆ ಊರವರಿಗೆ ತಿಳಿದರೆ ಮಗಳ ಮದುವೆ ಮಾತುಕತೆಯೇ ಮುರಿದುಬೀಳುವ ಕಡೆ ನಾವಿದ್ದೇವೆ. ಓದಲು ಬಾರದವರ ಬೆರಳನ್ನು ಪರದೆಗೆ ಒತ್ತಿಸಿಕೊಳ್ಳುವುದು ಒಪ್ಪಿಗೆಯಾಗದು. ಯಾರು ನೋಡುತ್ತಾರೆ, ಯಾಕೆ ನೋಡುತ್ತಾರೆ ಎಂದು ಕನ್ನಡದಲ್ಲಿ, ಬಾಯಿಮಾತಿನಲ್ಲಿ ಹೇಳಿದ ಮೇಲೆ ಅವರು ‘ಆಗಲಿ’ ಅನ್ನಬೇಕು.

ಮನೆ ಬಾಗಿಲಿಗೇ ಹೋಗಿ ಪರೀಕ್ಷಿಸಿ ಮಾತ್ರೆ ಕೊಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿತು. ಅದರ ಸಭೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ನಡೆದರೆ, ಎಷ್ಟು ಮಂದಿಯನ್ನು ಪರೀಕ್ಷಿಸಿದಿರಿ ಎಂಬ ಪ್ರಶ್ನೆಗೆ ಉತ್ತರ ತಕ್ಷಣ ಸಿಕ್ಕೀತು. ಅದರ ಜತೆಗೆ ಇನ್ನೆರಡು ಪ್ರಶ್ನೆ ಕೇಳಿ. ಹೋದ ತಿಂಗಳು ಮಾತ್ರೆಗೆ ಬರಬೇಕಿದ್ದು ಬಾರದವರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿಯ ಮನೆಗೆ ಯಾರಾದರೂ ಹೋಗಿ ಬಂದಿರಿ?