‘ಯವನ’ ಶಬ್ದಾರ್ಥ ವಿಚಾರ

ಯವನನೆಂದರೆ ಮ್ಲೇಚ್ಛ, ಮ್ಲೇಚ್ಛನೆಂದರೆ ತುರುಷ್ಕ, ಆದುದರಿಂದ ಪ್ರಾಚೀನ ಗ್ರಂಥಗಳ ಯವನರೆಲ್ಲರೂ ತುರುಷ್ಕರೇ ಎಂದು ವಾದಿಸುವ ಪಂಡಿತರು ಇಂದಿಗೂ ಇಲ್ಲದಿಲ್ಲ. ಈ ಸರಪಣಿಯ ಕೊಂಡಿಗಳನ್ನು ಪರೀಕ್ಷಿಸದೆ ಒಪ್ಪುವುದು ವಿದ್ಯಾವಂತರಿಗೆ ಭೂಷಣವಲ್ಲ.

ಅವರ ಮೊದಲನೆಯ ಆಧಾರವು ರಾಮಾಯಣದ ಕಥೆ. ವಸಿಷ್ಠರ ಧೇನುವಿನ ಯೋನಿದೇಶದಿಂದ ಹುಟ್ಟಿದವರಾದುದರಿಂದ ಯವನರೆಂದು ಹೆಸರಾಯಿತಂತೆ. ಆದರೆ ಮಹಾಭಾರತದ ಆದಿಪರ್ವವು ಅವರನ್ನು ಯಯಾತಿಪುತ್ರನಾದ ತುರ್ವಸುವಿನ ಸಂತತಿಯೆನ್ನುತ್ತದೆ. ಎರಡೂ ಪೂಜ್ಯ ಗ್ರಂಥಗಳೇ. ಎರಡೂ ಏಕಕಾಲದಲ್ಲಿ ನಿರುಕ್ತಿಗೆ ಪ್ರಮಾಣವಾಗಲಾರವು. ‘ಯು’ ಧಾತುವಿನಿಂದ ಸಾಧಿಸಿ ‘ಬೆರಕೆಯವರು’ ಎಂದು ಅರ್ಥ ಕಟ್ಟುವವರ ದೋಷವೂ ಇಂಥದೇ. ಪರದೇಶದ ಜನರು ತಮಗೆ ತಾವೇ ಇಟ್ಟುಕೊಂಡ ಹೆಸರಿಗೆ ಸಂಸ್ಕೃತ ಧಾತುವನ್ನು ಅರಸುವುದು, ನಮ್ಮೂರ ಕೊಳಗದಿಂದ ಪರವೂರ ರಾಶಿಯನ್ನಳೆದಂತೆ.

ಏಷ್ಯಾಮೈನರಿನ ಪಶ್ಚಿಮ ತೀರದಲ್ಲಿ ನೆಲಸಿದ್ದ ಗ್ರೀಕರು ಅಯೋನಿಯರು. ಆ ಹೆಸರಿನ ಪ್ರಾಚೀನ ರೂಪದಲ್ಲಿದ್ದ ವಕಾರವು ಅವರ ಬಾಯಲ್ಲಿ ಲೋಪವಾಯಿತು. ನಮ್ಮ ‘ಯವನ’ದಲ್ಲಿ ಉಳಿಯಿತು. ಪಾರಸಿಕ ಚಕ್ರವರ್ತಿ ದಾರಯವಹುವಿನ ಬೆಹಿಸ್ತೂನ್ ಶಾಸನದಲ್ಲಿ, ಕ್ರಿ. ಪೂ. 520ರ ಸುಮಾರಿಗೆ, ‘ಯೌನ’ವೂ ಗಾಂಧಾರವೂ ಒಂದೇ ಸಾಮ್ರಾಜ್ಯದ ನಾಡುಗಳಾಗಿ ಎಣಿಸಲ್ಪಟ್ಟಿವೆ. ಹೀಗಿರಲಾಗಿ ಈ ಹೆಸರು ಗಾಂಧಾರವನ್ನು ಮುಟ್ಟಲು ಕ್ರಿ. ಪೂ. 326ರಲ್ಲಿ ಸಿಂಧುವಿನಾಚೆಯಿಂದ ಬಂದ ಅಲೆಗ್ಸಾಂಡರನಿಗಾಗಿ ಕಾಯಬೇಕಾಗಿರಲಿಲ್ಲ. ಪಾಣಿನಿಯ ಸೂತ್ರದಲ್ಲಿ ಈ ಶಬ್ದವಿದೆ. ಅಶೋಕನ ಶಾಸನಗಳಲ್ಲಿ ಅಂತಿಯೋಕನು ‘ಯೋನ’ರಾಜನು. ಇಸ್ಲಾಮು ಉದಯಿಸಿದುದು ಕ್ರಿ. ಶ. 7ನೆಯ ಶತಮಾನದಲ್ಲಿ. ಹುಟ್ಟದ ಮತವನ್ನು ಅಶೋಕನು ಹೇಗೆ ಹೆಸರಿಸಿಯಾನು?

ಇನ್ನು ಈ ಹೆಸರು ನಿಂದೆಯೇ? ವಿದಿಶೆಯ ಬಳಿಯ ಬೆಸನಗರದಲ್ಲಿ, ಕ್ರಿ. ಪೂ. 2ನೆಯ ಶತಮಾನದಲ್ಲಿ, ತಕ್ಷಶಿಲೆಯ ಹೆಲಿಯೊಡೋರನೆಂಬ ಯವನ ರಾಯಭಾರಿಯು ವಾಸುದೇವನಿಗೆ ಗರುಡಧ್ವಜವನ್ನು ನೆಡಿಸಿ, ತನ್ನನ್ನು ಭಾಗವತನೆಂದು ಕರೆದುಕೊಂಡಿದ್ದಾನೆ. ಕಾರ್ಲೆಯ ಬೌದ್ಧ ಚೈತ್ಯದ ಕಂಬಗಳು ಯವನ ದಾನಿಗಳನ್ನು ಸ್ಮರಿಸುತ್ತವೆ. ಯವನರು ಮ್ಲೇಚ್ಛರಾದರೂ ಜ್ಯೋತಿಷದಲ್ಲಿ ನಿಪುಣರಾದುದರಿಂದ ಋಷಿಗಳಂತೆ ಪೂಜ್ಯರೆಂಬ ಮಾತು ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೇ ಇದೆ.

ಮುಂದೆ ಈ ಶಬ್ದವು ಮುಸಲ್ಮಾನ ರಾಜರಿಗೂ ಸಂದಿತೆಂಬುದು ನಿಜ. ಆಗಲೂ ಅದು ಬೈಗುಳವಾಗಿಯೇ ಇರಲಿಲ್ಲ. ಕೃಷ್ಣದೇವರಾಯನಿಗೆ ‘ಯವನರಾಜ್ಯ ಸ್ಥಾಪನಾಚಾರ್ಯ’ನೆಂಬ ಬಿರುದಿತ್ತು. ಬಿರುದಿನಲ್ಲಿರುವುದು ಸ್ಥಾಪನೆ, ಸಂಹಾರವಲ್ಲ. ಯವನನೆಂಬುದು ತಿರಸ್ಕಾರವಷ್ಟೇ ಆಗಿದ್ದರೆ ಆ ಸಾರ್ವಭೌಮನು ಯವನರಾಜ್ಯದ ಸ್ಥಾಪನೆಯನ್ನು ತನ್ನ ಕೀರ್ತಿಯೆಂದು ಸಾರಿಕೊಳ್ಳುತ್ತಿದ್ದನೇ?

ಶಬ್ದದ ಅರ್ಥವು ಕಾಲಕ್ಕೆ ತಕ್ಕಂತೆ ಹರಿಯುತ್ತದೆ. ಕೆಳಗಿನ ನೀರನ್ನು ಮೇಲಕ್ಕೆ ಹರಿಸಿ, ಇಂದಿನ ವೈರವನ್ನು ಅಶೋಕನ ಕಾಲಕ್ಕೆ ಕೊಂಡೊಯ್ಯುವವರು ಕೋಶವನ್ನೂ ಕೆಡಿಸುತ್ತಾರೆ, ನೆರೆಹೊರೆಯನ್ನೂ ಕೆಡಿಸುತ್ತಾರೆ. ಮಕ್ಕಳ ಕೈಗೆ ಕೊಡುವ ನಿಘಂಟಿನಲ್ಲಿ ‘ಯವನ’ ಶಬ್ದದ ಮುಂದೆ ‘ಅಯೋನಿಯಾದ ಗ್ರೀಕನು’ ಎಂಬ ಅರ್ಥವೇ ಮೊದಲು ನಿಲ್ಲಬೇಕು.